ಒಡೆದ ಪೈಪಿಗೆ ವೆಲ್ಡಿಂಗೋ, ಹೊಸ ತುಂಡೋ, ವಾಲ್ವೋ? ಸ್ಪೇಸ್ ಸ್ಟೇಷನ್ 13 ಆಡುವವರಿಗೆ ಒಂದು ಹೋಲಿಕೆ

ಬಾಹ್ಯಾಕಾಶ ನಿಲ್ದಾಣವೊಂದರ ಸಿಬ್ಬಂದಿಯಾಗಿ ಹಲವರು ಒಟ್ಟಿಗೆ ಆಡುವ ಸ್ಪೇಸ್ ಸ್ಟೇಷನ್ 13ರಲ್ಲಿ ಅಟ್ಮೋಸ್ ಟೆಕ್ ಕೆಲಸ, ಅಂದರೆ ಗಾಳಿ ಮತ್ತು ಅನಿಲದ ಪೈಪು ನೋಡಿಕೊಳ್ಳುವ ಕೆಲಸ, ಹಿಡಿದವರನ್ನು ಯಾರೂ ಹೊಗಳುವುದಿಲ್ಲ. ಗಾಳಿ ಇದ್ದಷ್ಟು ಹೊತ್ತು ನೀವು ಇದ್ದೀರಿ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಮೆಡಿಕಲ್ ಬೇ ಹೊರಗಿನ ಪೈಪು ಒಡೆದ ಮರುಕ್ಷಣ ರೇಡಿಯೋದಲ್ಲಿ ಕ್ಯಾಪ್ಟನ್‌ನಿಂದ ಕ್ಲೌನ್‌ವರೆಗೆ ಎಲ್ಲರೂ ನಿಮ್ಮ ಹೆಸರು ಹಿಡಿದು ಕೂಗುತ್ತಾರೆ. ಆಗ ಹೊಸಬರು ಮಾಡುವುದು ಒಂದೇ: ವೆಲ್ಡರ್ ಹಚ್ಚಿಕೊಂಡು ಓಡುವುದು. ಕೆಲವು ಸಲ ಅದೇ ಸರಿ. ಎಷ್ಟೋ ಸಲ ಅಲ್ಲಿಂದಲೇ ದೊಡ್ಡ ಅನಾಹುತ ಶುರುವಾಗುತ್ತದೆ.

ಒಡೆದ ಪೈಪಿನ ಮುಂದೆ ನಿಂತಾಗ ಆಯ್ಕೆಗಳು ಹಲವು. ಬಿರುಕಿಗೆ ವೆಲ್ಡ್ ಹಾಕಬಹುದು. ತುಂಡನ್ನೇ ಬಿಚ್ಚಿ ಹೊಸದು ಕೂರಿಸಬಹುದು. ವಾಲ್ವ್ ಮುಚ್ಚಿ ಆ ಭಾಗವನ್ನೇ ಕೈಬಿಡಬಹುದು. ಇನ್ನು ಮತ್ತೆ ಒಡೆಯದಂತೆ ನೋಡಿಕೊಳ್ಳಲು ಗಟ್ಟಿ ಜಾತಿಯ ಪೈಪು ಹಾಕಬಹುದು, ಸಾಲಿನ ಗಾತ್ರ ಹೆಚ್ಚಿಸಬಹುದು, ಅಥವಾ ಪಂಪಿನ ಮಿತಿಯನ್ನೇ ಇಳಿಸಬಹುದು. ನನ್ನ ಮಟ್ಟಿಗೆ ಉತ್ತರ ಹೆಚ್ಚಿನ ಸಲ ಕೊನೆಯದೇ. ಆದರೆ ಅದು ನೀವು ಯಾವ ಸರ್ವರ್‌ನಲ್ಲಿದ್ದೀರಿ ಅನ್ನುವುದನ್ನು ಅವಲಂಬಿಸಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ನಿಮ್ಮ ಸರ್ವರ್‌ನ ಪೈಪು ಯಾವ ಸ್ವಭಾವದ್ದು ತಿಳಿಯಿರಿ

ಬೈಯಾಂಡ್ ಎಂಬ ಎಂಜಿನ್ ಮೇಲೆ 2003ರಲ್ಲಿ ಹುಟ್ಟಿದ ಈ ಆಟ ಈಗ ಒಂದು ಆಟವಾಗಿ ಉಳಿದಿಲ್ಲ. ಕೋಡು ಕವಲೊಡೆದು ಟಿಜಿ ಸ್ಟೇಷನ್, ಗೂನ್‌ಸ್ಟೇಷನ್, ಬೇ ಸ್ಟೇಷನ್ ಹೀಗೆ ಮನೆತನಗಳಾಗಿವೆ. ರೋಬಸ್ಟ್ ಟೂಲ್‌ಬಾಕ್ಸ್ ಎಂಜಿನ್ ಮೇಲೆ ಸಿ ಶಾರ್ಪ್ ಭಾಷೆಯಲ್ಲಿ ಹೊಸದಾಗಿ ಬರೆದ ಸ್ಪೇಸ್ ಸ್ಟೇಷನ್ 14 ಬೇರೆಯೇ ಒಂದು. ಎಲ್ಲದರಲ್ಲೂ ಪೈಪು ಕಾಣಲು ಒಂದೇ ಥರ. ಒಡೆಯುವ ರೀತಿ ಮಾತ್ರ ಒಂದೊಂದರಲ್ಲಿ ಒಂದೊಂದು.

ಹಳೆಯ ಮೂಲ ಕೋಡಿನ ಪೈಪು ಒತ್ತಡಕ್ಕೆ ಸಿಡಿಯುತ್ತದೆ. ಸಿಡಿಯಿತು ಅಂದರೆ ದೊಡ್ಡ ಸದ್ದು, ಒಂದಿಷ್ಟು ಹೊಗೆ, ಆ ತುಂಡು ಪೂರ್ತಿ ಮಾಯ. ವೆಲ್ಡ್ ಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆ ಕೋಡಿನಲ್ಲಿ ‘ರಿಪೇರಿ’ ಅನ್ನುವುದೇ ಇಲ್ಲ, ಇರುವುದು ಹೊಸ ತುಂಡು ಜೋಡಿಸುವುದು ಮಾತ್ರ.

ಗೂನ್‌ಸ್ಟೇಷನ್‌ನ ಪೈಪು ಹಾಗಲ್ಲ, ಅದು ಬಿರುಕು ಬಿಟ್ಟು ಸೋರುತ್ತದೆ. ತುಂಡು ಇದ್ದಲ್ಲೇ ಇರುತ್ತದೆ, ಅನಿಲ ಕೋಣೆಗೆ ನುಗ್ಗುತ್ತಿರುತ್ತದೆ. ವೆಲ್ಡರ್ ತಾಗಿಸಿ ಸ್ವಲ್ಪ ಹೊತ್ತು ನಿಂತರೆ ಬಿರುಕು ಮುಚ್ಚುತ್ತದೆ. ಪೆಟ್ಟು ಜೋರಾಗಿ ಬಿದ್ದು ಪೈಪು ಪೂರ್ತಿ ನಾಶವಾಗಿದ್ದರೆ ವೆಲ್ಡರ್ ಸಾಲದು ಎಂದು ಆಟವೇ ಹೇಳುತ್ತದೆ. ಆಗ ಲೋಹದ ರಾಡ್ ಹಿಡಿದು ಆ ತುಂಡನ್ನು ಮತ್ತೆ ಕಟ್ಟಬೇಕು. ನನಗೆ ಕೇಳಿದರೆ ಎಲ್ಲ ಮನೆತನಗಳಲ್ಲಿ ಪೈಪಿನ ಹಾನಿಯನ್ನು ಚೆನ್ನಾಗಿ ಯೋಚಿಸಿ ಮಾಡಿರುವುದು ಇಲ್ಲೇ. ಸಣ್ಣ ಪೆಟ್ಟಿಗೂ ದೊಡ್ಡ ಪೆಟ್ಟಿಗೂ ವ್ಯತ್ಯಾಸ ಇರುವುದರಿಂದ ಬೇಗ ತಲುಪಿದವನಿಗೆ ಬೆಲೆ ಇದೆ.

ಟಿಜಿ ಮತ್ತು ಸ್ಪೇಸ್ ಸ್ಟೇಷನ್ 14ರ ಪೈಪು ಒತ್ತಡದ ವಿಷಯದಲ್ಲಿ ಸಾಧು. ಒಳಗೆ ಎಷ್ಟು ತುಂಬಿದರೂ ತಾನಾಗಿ ಒಡೆಯುವುದಿಲ್ಲ. ಬಾಂಬು, ಗುಂಡು, ಕೋಪಗೊಂಡ ಸಹೋದ್ಯೋಗಿಯ ಟೂಲ್‌ಬಾಕ್ಸ್ ಇವುಗಳಿಂದ ಮಾತ್ರ ಅದಕ್ಕೆ ಅಪಾಯ. ಇಲ್ಲಿ ಇನ್ನೊಂದು ಅನುಕೂಲವೂ ಇದೆ: ತುಂಡೊಂದು ಕಿತ್ತುಹೋದರೆ ಉಳಿದ ಸಾಲಿನ ತೆರೆದ ಬಾಯಿ ಸೋರುವುದಿಲ್ಲ. ಬೇ ಸ್ಟೇಷನ್ ಕೋಡಿನಲ್ಲಿ ತೆರೆದ ಬಾಯಿ ಸೋರುತ್ತದೆ. ಅಲ್ಲಿ ಪೈಪ್ ಕ್ಯಾಪ್ ಹಾಕದೆ ಹೋದರೆ ಸಾಲು ಖಾಲಿಯಾಗುವವರೆಗೂ ಹೊರಗೆ ಸುರಿಯುತ್ತಲೇ ಇರುತ್ತದೆ.

ಒಂದೊಂದು ಸರ್ವರ್‌ನವರೂ ತಮಗೆ ಬೇಕಾದ ಹಾಗೆ ತಿದ್ದಿಕೊಂಡಿರುತ್ತಾರೆ. ಹಾಗಾಗಿ ಇಲ್ಲಿನ ಸಂಖ್ಯೆಗಳನ್ನು ನಿಮ್ಮಲ್ಲಿ ಒಮ್ಮೆ ಪರೀಕ್ಷಿಸಿಕೊಂಡೇ ನಂಬಿ. ಸುಲಭದ ಪರೀಕ್ಷೆ ಅಂದರೆ, ಶಿಫ್ಟ್ ಶುರುವಿನಲ್ಲಿ ಯಾರೂ ಇಲ್ಲದ ಮೂಲೆಯಲ್ಲಿ ನಾಲ್ಕು ತುಂಡು ಪೈಪು ಜೋಡಿಸಿ ಸಾರಜನಕ ತುಂಬಿ ನೋಡುವುದು. ಸುಲಭವಾಗಿ ಹೊತ್ತಿ ಉರಿಯುವ ಪ್ಲಾಸ್ಮಾ ಅನಿಲ ಬೇಡ, ದಯವಿಟ್ಟು.

ಒಡೆಯುವ ಲೆಕ್ಕ

ಸಿಡಿಯುವ ಪೈಪಿನ ಸರ್ವರ್‌ನಲ್ಲಿದ್ದರೆ ಈ ಸಂಖ್ಯೆಗಳು ಬೇಕಾಗುತ್ತವೆ. ಹಳೆಯ ಕೋಡಿನಲ್ಲಿ ಸಾಧಾರಣ ಪೈಪಿಗೆ ಎರಡು ಗೆರೆಗಳಿವೆ. 55 ವಾತಾವರಣದ ಒತ್ತಡ ದಾಟಿದರೆ ಪೈಪು ದಣಿಯುತ್ತದೆ. 70 ದಾಟಿದರೆ ಸಿಡಿದೇ ಸಿಡಿಯುತ್ತದೆ. ಆಟದಲ್ಲಿ ಒಂದು ವಾತಾವರಣ ಅಂದರೆ 101.325 ಕಿಲೋಪ್ಯಾಸ್ಕಲ್. ಅಂದರೆ ಮೊದಲ ಗೆರೆ ಸುಮಾರು 5573, ಎರಡನೆಯದು ಸುಮಾರು 7093 ಕಿಲೋಪ್ಯಾಸ್ಕಲ್. ಇದು ಪೈಪಿನ ಒಳಗಿನ ಒತ್ತಡವಲ್ಲ, ಒಳಗಿನದಕ್ಕೂ ಸುತ್ತಲಿನ ಕೋಣೆಯದಕ್ಕೂ ಇರುವ ವ್ಯತ್ಯಾಸ. ನಿರ್ವಾತದಲ್ಲಿ ಹಾಸಿದ ಪೈಪು ಕೋಣೆಯಲ್ಲಿ ಹಾಸಿದ್ದಕ್ಕಿಂತ ಒಂದು ವಾತಾವರಣ ಮೊದಲೇ ಒಡೆಯುತ್ತದೆ. ದೊಡ್ಡ ವಿಷಯವೇನಲ್ಲ, ಬಾಹ್ಯಾಕಾಶದಲ್ಲಿ ಕೂಲಿಂಗ್ ಸಾಲು ಹಾಕುವವರು ನೆನಪಿಟ್ಟುಕೊಂಡರೆ ಸಾಕು.

ದಣಿವಿನ ವಲಯದಲ್ಲಿ ಪ್ರತಿ ಪರೀಕ್ಷೆಯಲ್ಲೂ ಸಿಡಿಯುವ ಸಾಧ್ಯತೆ ಶೇ. 5. ಕಡಿಮೆ ಅನ್ನಿಸುತ್ತದೆ. ಆದರೆ ಈ ಪರೀಕ್ಷೆ ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ. 14 ಸಲ ನಡೆಯುವಷ್ಟರಲ್ಲಿ ಸಿಡಿದಿರುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ‘ಸ್ವಲ್ಪ ಹೊತ್ತು 6000ದಲ್ಲಿ ಓಡಿಸಿ ಆಮೇಲೆ ಇಳಿಸುತ್ತೇನೆ’ ಅನ್ನುವವರು ಈ ಲೆಕ್ಕವನ್ನು ಮರೆತಿರುತ್ತಾರೆ. ಒಂದೇ ಸಮಾಧಾನ, ಒಂದು ಸಲದ ಪರೀಕ್ಷೆಯಲ್ಲಿ ಒಂದೇ ತುಂಡು ಹೋಗುತ್ತದೆ, ಇಡೀ ಸಾಲು ಒಟ್ಟಿಗೆ ಸಿಡಿಯುವುದಿಲ್ಲ.

ಈಗ ಪಂಪುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ರೆಷರ್ ಪಂಪಿನ ಗರಿಷ್ಠ ಗುರಿ 4500 ಕಿಲೋಪ್ಯಾಸ್ಕಲ್. ಅಂದರೆ ಪ್ರೆಷರ್ ಪಂಪು ಒಂದೇ ತನ್ನಷ್ಟಕ್ಕೆ ಸಾಧಾರಣ ಪೈಪನ್ನು ಒಡೆಯಲಾರದು. ವಾಲ್ಯೂಮ್ ಪಂಪು ಸೆಕೆಂಡಿಗೆ 200 ಲೀಟರ್‌ವರೆಗೆ ತಳ್ಳುತ್ತದೆ. ಅದು ತಾನಾಗಿ ನಿಲ್ಲುವುದು ಹೊರಬಾಯಿ 9000 ಮುಟ್ಟಿದಾಗ. 7093ಕ್ಕಿಂತ 9000 ಹೆಚ್ಚು ಅನ್ನುವುದು ಗೊತ್ತಾಯಿತಲ್ಲ? ಸಿಡಿಯುವ ಪೈಪಿನ ಸರ್ವರ್‌ನಲ್ಲಿ ವಾಲ್ಯೂಮ್ ಪಂಪು ಕಂಡರೆ ಅದರ ಮುಂದಿನ ಸಾಲಿನ ಮೇಲೆ ಮೊದಲು ಕಣ್ಣಿಡಿ. ಟಿಜಿಯಲ್ಲಂತೂ ಮಲ್ಟಿಟೂಲ್‌ನಿಂದ ಈ ಪಂಪನ್ನು ಓವರ್‌ಕ್ಲಾಕ್ ಮಾಡಿ 9000ದ ಮಿತಿಯನ್ನೂ ದಾಟಿಸಬಹುದು. ಬದಲಿಗೆ ಒಂದಿಷ್ಟು ಅನಿಲ ಕೋಣೆಗೆ ಸೋರುತ್ತದೆ. ಅಲ್ಲಿ ಪೈಪು ಒಡೆಯುವುದಿಲ್ಲವಾದ್ದರಿಂದ ಆ ಆಟ ನಡೆಯುತ್ತದೆ.

ಆದರೂ ಹೆಚ್ಚಿನ ಪೈಪುಗಳನ್ನು ಒಡೆಯುವುದು ಪಂಪಲ್ಲ, ಬಿಸಿ. ಮುಚ್ಚಿದ ಸಾಲಿನಲ್ಲಿ ಒತ್ತಡವು ಉಷ್ಣತೆಯ ಜೊತೆಜೊತೆಗೇ ಏರುತ್ತದೆ, ಶಾಲೆಯಲ್ಲಿ ಓದಿದ ಅದೇ ಆದರ್ಶ ಅನಿಲ ನಿಯಮ. 20 ಡಿಗ್ರಿಯಲ್ಲಿ 4500 ಕಿಲೋಪ್ಯಾಸ್ಕಲ್ ತುಂಬಿದ ಸಾಲು 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ದಣಿವಿನ ಗೆರೆ ಮುಟ್ಟುತ್ತದೆ. 195 ಡಿಗ್ರಿ ಹತ್ತಿರಕ್ಕೆ ಬಂದರೆ ಸಿಡಿಯುತ್ತದೆ. ಪಕ್ಕದ ಕೋಣೆಯಲ್ಲಿ ಪ್ಲಾಸ್ಮಾ ಉರಿಯುತ್ತಿರುವಾಗ ಇದು ಏನೇನೂ ಅಲ್ಲ. ಅದೇ ಸಾಲನ್ನು 2000ಕ್ಕೆ ತುಂಬಿದ್ದರೆ ದಣಿವು ಶುರುವಾಗುವುದು ಸುಮಾರು 830 ಕೆಲ್ವಿನ್‌ನಲ್ಲಿ, ಅಂದರೆ 550 ಡಿಗ್ರಿಯನ್ನೂ ದಾಟಿದ ಮೇಲೆ. 1000ಕ್ಕೆ ತುಂಬಿದ್ದರೆ 1660 ಕೆಲ್ವಿನ್ ಸುತ್ತಮುತ್ತ. ಪೈಪಿಗೆ ಒಂದು ಚೂರು ಲೋಹ ಸೇರಿಸದೆ, ಪಂಪಿನ ಒಂದು ಸಂಖ್ಯೆ ಬದಲಿಸಿ ಸಿಕ್ಕಿದ ಗಟ್ಟಿತನ ಇದು.

ವೆಲ್ಡಿಂಗ್ ಮತ್ತು ಹೊಸ ತುಂಡು

ವೆಲ್ಡಿಂಗ್‌ನ ಲಾಭ ಒಂದೇ: ಸಾಲಿನೊಳಗೆ ಒತ್ತಡ ಇದ್ದಂತೆಯೇ ಕೆಲಸ ಮುಗಿಯುತ್ತದೆ. ಏನನ್ನೂ ಬಿಚ್ಚಬೇಕಿಲ್ಲ, ಖಾಲಿ ಮಾಡಬೇಕಿಲ್ಲ. ಗೂನ್‌ನಲ್ಲಿ ಆಮ್ಲಜನಕದ ಅಥವಾ ಮಾಮೂಲಿ ಗಾಳಿಯ ಸಾಲು ಸೋರುತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಣ್ಣಿಗೆ ವೆಲ್ಡಿಂಗ್ ಮಾಸ್ಕ್, ಮೂಗಿಗೆ ಇಂಟರ್ನಲ್ಸ್ (ಉಸಿರಾಟದ ಮಾಸ್ಕ್ ಮತ್ತು ಟ್ಯಾಂಕ್), ವೆಲ್ಡರ್‌ನಲ್ಲಿ ಇಂಧನ ಇದೆಯೋ ನೋಡಿಕೊಳ್ಳಿ, ಅಷ್ಟೇ.

ಸೋರುತ್ತಿರುವುದು ಪ್ಲಾಸ್ಮಾ ಆಗಿದ್ದರೆ ಕಥೆಯೇ ಬೇರೆ. ಈ ಆಟದಲ್ಲಿ ಪ್ಲಾಸ್ಮಾ ಹೊತ್ತಿಕೊಳ್ಳಲು 100 ಡಿಗ್ರಿ ಸೆಲ್ಸಿಯಸ್ ಮತ್ತು ಜೊತೆಗೆ ಆಮ್ಲಜನಕ ಇದ್ದರೆ ಸಾಕು. ಕೋಣೆಯಲ್ಲಿ ಆಮ್ಲಜನಕ ಇದ್ದೇ ಇದೆ. ಹಚ್ಚಿದ ವೆಲ್ಡರ್ ಆ 100 ಡಿಗ್ರಿಯನ್ನು ಧಾರಾಳವಾಗಿ ಒದಗಿಸುತ್ತದೆ. ಬಿರುಕು ಮುಚ್ಚುವ ಮೊದಲೇ ಕೋಣೆ ಉರಿಯುತ್ತದೆ, ಉರಿ ಪಕ್ಕದ ಪೈಪುಗಳನ್ನು ಕಾಯಿಸುತ್ತದೆ, ಆಮೇಲೆ ಮೇಲಿನ ಲೆಕ್ಕ ನಿಮಗೆ ಗೊತ್ತೇ ಇದೆ. ಪ್ಲಾಸ್ಮಾ ಅಥವಾ ಅದರಂತೆಯೇ ಉರಿಯುವ ಟ್ರಿಟಿಯಂ ಸಾಲಿಗೆ ವೆಲ್ಡರ್ ಹಚ್ಚುವ ಮೊದಲು ವಾಲ್ವ್ ಮುಚ್ಚಿ, ಬೇಡದ ಅನಿಲ ಹೀರುವ ಸ್ಕ್ರಬರ್‌ನಿಂದ ಕೋಣೆ ತೊಳೆಯಿರಿ, ಗ್ಯಾಸ್ ಅನಲೈಜರ್‌ನಲ್ಲಿ ಪ್ಲಾಸ್ಮಾ ಶೂನ್ಯ ಅಂತ ನೋಡಿಕೊಂಡೇ ಮುಂದುವರಿಯಿರಿ. ಅಷ್ಟು ವ್ಯವಧಾನ ಇಲ್ಲ ಅಂದರೆ ರೆಂಚ್ ಹಿಡಿಯಿರಿ. ರೆಂಚ್‌ನಿಂದ ಕಿಡಿ ಬರುವುದಿಲ್ಲ.

ರೆಂಚಿಗೆ ಅದರದ್ದೇ ತಕರಾರು. ಒಳಗಿನ ಒತ್ತಡ ಹೊರಗಿನದಕ್ಕಿಂತ ಎರಡು ವಾತಾವರಣ, ಅಂದರೆ ಸುಮಾರು 203 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚಿದ್ದರೆ ಹಳೆಯ ಕೋಡು ಬಿಚ್ಚಲು ಬಿಡುವುದೇ ಇಲ್ಲ. ಟಿಜಿ ಮತ್ತು ಸ್ಪೇಸ್ ಸ್ಟೇಷನ್ 14 ಬಿಡುತ್ತವೆ, ಆದರೆ ಗಾಳಿ ಮುಖಕ್ಕೆ ರಾಚುತ್ತಿದೆ, ಇನ್ನೊಮ್ಮೆ ಯೋಚಿಸಿ ಅಂತ ಎಚ್ಚರಿಸುತ್ತವೆ. ಕೇಳದೆ ಮುಂದುವರಿದರೆ ಟಿಜಿಯಲ್ಲಿ ನೀವೇ ಹಾರಿ ಹೋಗಿ ಎದುರಿನ ಗೋಡೆಗೆ ಬಡಿಯಬಹುದು. 14ರಲ್ಲಿ ಬಿಚ್ಚಲು ಹೆಚ್ಚು ಹೊತ್ತು ಹಿಡಿಯುತ್ತದೆ, ತುಂಡಿನೊಳಗಿನ ಅನಿಲ ಕೋಣೆಗೆ ಸುರಿಯುತ್ತದೆ. ಆ ಎಚ್ಚರಿಕೆಯನ್ನು ಓದಿಯೂ ಓದದಂತೆ ಕ್ಲಿಕ್ ಮಾಡುವವರು ಪ್ರತಿ ಶಿಫ್ಟ್‌ನಲ್ಲೂ ಒಬ್ಬರಾದರೂ ಇರುತ್ತಾರೆ.

ಹೊಸ ತುಂಡು ಹಾಕುವುದು ನಿಧಾನ ಅನ್ನುವುದು ಹಳೆಯ ಮಾತು. ಪೈಪ್ ಡಿಸ್ಪೆನ್ಸರ್ ಯಂತ್ರದ ಬಳಿಗೆ ಓಡಿ, ತುಂಡು ಹೊತ್ತು ತಂದು, ತಿರುಗಿಸಿ ರೆಂಚ್ ಹಾಕುತ್ತಿದ್ದ ಕಾಲದಲ್ಲಿ ಅದು ನಿಜ. ಕೈಯಲ್ಲಿ ಹಿಡಿಯುವ ರ‍್ಯಾಪಿಡ್ ಪೈಪಿಂಗ್ ಡಿವೈಸ್ ಇರುವ ಸರ್ವರ್‌ನಲ್ಲಿ ವೆಲ್ಡಿಂಗ್‌ಗಿಂತ ಅದೇ ಚುರುಕು. ಸ್ಪೇಸ್ ಸ್ಟೇಷನ್ 14ರಲ್ಲಿ ಒಂದು ಶೀಟ್ ಉಕ್ಕಿದ್ದರೆ ನಿಂತಲ್ಲೇ ಒಂದು ಪೈಪು ಕಟ್ಟಬಹುದು. ಬೆಲ್ಟ್‌ನಲ್ಲಿ ಉಕ್ಕು, ರೆಂಚ್, ಕ್ರೋಬಾರ್ ಇದ್ದರೆ ಡಿಸ್ಪೆನ್ಸರ್ ನೆನಪೂ ಬರುವುದಿಲ್ಲ. ನೆಲದಡಿಯ ಸಾಲು ಹುಡುಕಲು ಟಿ ರೇ ಸ್ಕ್ಯಾನರ್ ಜೊತೆಗಿರಲಿ, ಕಂಡಕಂಡ ಹಲಗೆ ಎಬ್ಬಿಸುತ್ತಾ ಹೋದರೆ ಜ್ಯಾನಿಟರ್ ಕೂಡ ನಿಮ್ಮ ವೈರಿಯಾಗುತ್ತಾನೆ.

ಹಾಗಾದರೆ ಯಾವುದು? ಗೂನ್‌ನಲ್ಲಿ ಉರಿಯದ ಅನಿಲ, ಸಣ್ಣ ಬಿರುಕು ಆದರೆ ವೆಲ್ಡ್. ಉರಿಯುವ ಅನಿಲವಾದರೆ ಮೊದಲು ಸಾಲು ಖಾಲಿ, ಆಮೇಲೆ ವೆಲ್ಡ್. ಉಳಿದ ಎಲ್ಲ ಕಡೆ ಹೊಸ ತುಂಡೇ.

ವಾಲ್ವ್: ರಿಪೇರಿಯಲ್ಲ, ಆದರೆ ರಿಪೇರಿಗಿಂತ ಮೊದಲು

ಒಂದು ಲೆಕ್ಕ ಹಾಕಿ ನೋಡೋಣ. ಆಟದಲ್ಲಿ ಒಂದು ಚೌಕದ ಗಾತ್ರ 2500 ಲೀಟರ್. 12 ಚೌಕದ ಮುಚ್ಚಿದ ಕೋಣೆಗೆ 30,000 ಲೀಟರ್. ಹಳೆಯ ಕೋಡಿನಲ್ಲಿ ಒಂದು ಪೈಪಿಗೆ 70 ಲೀಟರ್, 20 ತುಂಡಿನ ಸಾಲಿಗೆ 1400 ಲೀಟರ್. ಆ ಸಾಲು 7000 ಕಿಲೋಪ್ಯಾಸ್ಕಲ್‌ನಲ್ಲಿದ್ದು ಪೂರ್ತಿ ಕೋಣೆಗೆ ಸೋರಿ ಸಮನಾದರೆ ಒತ್ತಡ 409ರ ಆಸುಪಾಸು ನಿಲ್ಲುತ್ತದೆ. 325 ದಾಟಿದ್ದರಿಂದ ಎಚ್ಚರಿಕೆಯ ಗುರುತು ಬರುತ್ತದೆ, ಆದರೆ ದೇಹಕ್ಕೆ ಪೆಟ್ಟು ಶುರುವಾಗುವುದು 550ರಿಂದ. ಹೇಗೋ ಬದುಕಬಹುದು. ಅದೇ ಸಾಲಿಗೆ 1000 ಲೀಟರಿನ ಒಂದು ಕ್ಯಾನಿಸ್ಟರ್, ಅಂದರೆ ಅನಿಲದ ದೊಡ್ಡ ಡಬ್ಬ, ಜೋಡಿಸಿದ್ದು ನಡುವೆ ವಾಲ್ವ್ ಇಲ್ಲದಿದ್ದರೆ? ಆಗ 612. ಕೋಣೆಯಲ್ಲಿದ್ದವರಿಗೆ ಒತ್ತಡದ ಗಾಯ ಖಂಡಿತ. ಪೈಪು ಒಂದೇ, ಒಡೆದದ್ದೂ ಒಂದೇ ತುಂಡು. ವ್ಯತ್ಯಾಸ ಮಾಡಿದ್ದು ಅದರ ಬೆನ್ನಿಗಿದ್ದ ಗಾತ್ರ.

ಅದಕ್ಕೇ ಪ್ರತಿ ಕ್ಯಾನಿಸ್ಟರ್ ಪೋರ್ಟಿಗೆ, ಪ್ರತಿ ಕವಲಿಗೆ ಒಂದು ವಾಲ್ವ್ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮ್ಯಾನುಯಲ್ ವಾಲ್ವ್ ಅಗ್ಗ, ಅದಕ್ಕೆ ಕರೆಂಟೂ ಬೇಡ. ಅದನ್ನು ಸ್ಟೇಷನ್ನಿನ ಯಂತ್ರಗಳನ್ನು ನಡೆಸುವ ಎಐ ದೂರದಿಂದ ಮುಟ್ಟಲಾರದು, ಇದು ಎಐ ನಿಮ್ಮ ಪಕ್ಷದಲ್ಲಿಲ್ಲದ ದಿನ ದೊಡ್ಡ ಗುಣ. ಡಿಜಿಟಲ್ ವಾಲ್ವನ್ನು ಎಐ ಮುಚ್ಚಬಲ್ಲದು, ಇದು ನೀವು ಸ್ಟೇಷನ್ನಿನ ಇನ್ನೊಂದು ತುದಿಯಲ್ಲಿ ಸಿಕ್ಕಿಹಾಕಿಕೊಂಡ ದಿನ ದೊಡ್ಡ ಗುಣ. ಪ್ಲಾಸ್ಮಾಗೆ ನಾನು ಮ್ಯಾನುಯಲ್ ಹಾಕುತ್ತೇನೆ, ಉಸಿರಾಟದ ಗಾಳಿಗೆ ಡಿಜಿಟಲ್.

ವಾಲ್ವ್ ಇಲ್ಲದ ಕಡೆ ಸೋರಿಕೆ ಕೋಣೆ ದಾಟದಂತೆ ಹೋಲೋಫ್ಯಾನ್ (ಗಾಳಿ ತಡೆಯುವ ಹೋಲೋಗ್ರಾಮ್ ತೆರೆ) ಅಥವಾ ಗಾಳಿ ತುಂಬಿ ನಿಲ್ಲಿಸುವ ಇನ್‌ಫ್ಲೇಟಬಲ್ ಗೋಡೆ ಇಟ್ಟು ಸಮಯ ಗಳಿಸಬಹುದು. ಅಷ್ಟೇ, ಸಮಯ.

ಗಟ್ಟಿ ಮಾಡುವ ದಾರಿಗಳಲ್ಲಿ ಯಾವುದು ಉಪಯೋಗ

ಇನ್ಸುಲೇಟೆಡ್ ಪೈಪಿನ ಹೆಸರು ಕೇಳಿ ಅದು ಬಿಸಿ ತಡೆಯಲು ಮಾತ್ರ ಅಂದುಕೊಳ್ಳಬೇಡಿ. ಹಳೆಯ ಕೋಡಿನಲ್ಲಿ ಅದರ ಒತ್ತಡದ ಮಿತಿ ಎಷ್ಟು ಮೇಲಿದೆಯೆಂದರೆ ಮಾಮೂಲಿ ಬಳಕೆಯಲ್ಲಿ ಅದು ಒಡೆಯುವುದಿಲ್ಲ ಅಂತಲೇ ಇಟ್ಟುಕೊಳ್ಳಬಹುದು. ಹಾಗಾದರೆ ಎಲ್ಲ ಕಡೆ ಅದನ್ನೇ ಹಾಕಿದರಾಯಿತಲ್ಲ? ಹಳೆಯ ಡಿಸ್ಪೆನ್ಸರ್‌ನಲ್ಲಿ ಅದು ನೇರ ಮತ್ತು ಬಾಗಿದ ಎರಡೇ ರೂಪದಲ್ಲಿ ಸಿಗುತ್ತದೆ. ಕವಲಿರುವ ಜಾಲವನ್ನು ಪೂರ್ತಿ ಅದರಿಂದಲೇ ಕಟ್ಟಲಾಗದು. ಒತ್ತಡದ ಪರೀಕ್ಷೆ ತುಂಡು ತುಂಡಿಗೆ ನಡೆಯುವುದರಿಂದ, ಇನ್ಸುಲೇಟೆಡ್ ಸಾಲಿನ ನಡುವೆ ಮರೆತು ಉಳಿದ ಒಂದು ಸಾಧಾರಣ ತುಂಡು ಸಿಡಿದರೂ ಫಲ ಒಂದೇ. ಉರಿಯುವ ಚೇಂಬರಿನಿಂದ ಹೊರಬರುವ ಕವಲಿಲ್ಲದ ಬಿಸಿ ಸಾಲಿಗೆ ಮಾತ್ರ ಇದು ಸರಿಯಾದ ಆಯ್ಕೆ. ಒಳಗಿನ ಬಿಸಿಯನ್ನು ಅದು ಇಳಿಸುವುದಿಲ್ಲ ಅನ್ನುವುದೂ ನೆನಪಿರಲಿ, ಆ ಬಿಸಿ ಸಾಲಿನ ತುದಿಯಲ್ಲಿ ಏನಿದೆಯೋ ಅದರ ತಲೆಗೆ ಹೋಗುತ್ತದೆ.

ಗಾತ್ರ ಹೆಚ್ಚಿಸುವುದು ಕೇಳಲು ಜಾಣತನದ ಉಪಾಯ. ಅಷ್ಟೇ ಅನಿಲಕ್ಕೆ ಹೆಚ್ಚು ಜಾಗ ಕೊಟ್ಟರೆ ಒತ್ತಡ ಇಳಿಯುತ್ತದೆ. ಆದರೆ ಪೈಪಿನಿಂದ ಗಾತ್ರ ಸೇರಿಸುವುದು ದಂಡ. 1000 ಲೀಟರ್ ಬೇಕೆಂದರೆ 14ಕ್ಕೂ ಹೆಚ್ಚು ತುಂಡು ಹಾಸಬೇಕು. ಮೂರು ಬಾಯಿಯ ಮ್ಯಾನಿಫೋಲ್ಡ್ 105, ನಾಲ್ಕು ಬಾಯಿಯದು 140 ಲೀಟರ್ ಹಿಡಿದರೂ ಲೆಕ್ಕ ಹೆಚ್ಚೇನೂ ಸುಧಾರಿಸುವುದಿಲ್ಲ. ಕನೆಕ್ಟರ್ ಪೋರ್ಟ್ ಮೇಲೆ ಒಂದು ಖಾಲಿ ಕ್ಯಾನಿಸ್ಟರ್ ಕೂರಿಸಿದರೆ ಅಷ್ಟೂ ಗಾತ್ರ ಒಂದೇ ಏಟಿಗೆ. ಆದರೆ ಪಂಪು ಚಾಲೂ ಇದ್ದರೆ ಅದು ಈ ಹೊಸ ಜಾಗವನ್ನೂ ಅದೇ ಒತ್ತಡಕ್ಕೆ ತುಂಬಿಸುತ್ತದೆ. ಆಗ ನೀವು ಕೊಂಡದ್ದು ಸ್ವಲ್ಪ ಸಮಯ, ಕೊಟ್ಟದ್ದು ಒಡೆದಾಗ ಸುರಿಯುವ ಇನ್ನಷ್ಟು ಅನಿಲ. ಮೇಲಿನ 612ರ ಲೆಕ್ಕ ಇದೇ.

ರಿಲೀಫ್ ದಾರಿ ಇದಕ್ಕಿಂತ ಬಹಳ ಮೇಲು. ಇದು ಕುಕ್ಕರಿನ ವೆಯ್ಟ್ ಮಾಡುವ ಕೆಲಸ: ಮಿತಿ ಮೀರಿದಾಗ ತಾನೇ ಎದ್ದು ಹೊರಗೆ ಬಿಟ್ಟು ಮತ್ತೆ ಕೂರುತ್ತದೆ. ಟಿಜಿಯಲ್ಲಿ ಪ್ರೆಷರ್ ವಾಲ್ವ್ ಅನ್ನುವುದು ಒಳಬಾಯಿಯ ಒತ್ತಡ ನೀವಿಟ್ಟ ಸಂಖ್ಯೆ ದಾಟಿದರೆ ಮಾತ್ರ ತೆರೆಯುತ್ತದೆ. ಅದರ ಹೊರಬಾಯಿಯನ್ನು ವೇಸ್ಟ್ ಸಾಲಿಗೋ (ಬೇಡದ ಅನಿಲ ಒಯ್ಯುವ ಸಾಲು) ನೇರ ಬಾಹ್ಯಾಕಾಶಕ್ಕೋ ತಿರುಗಿಸಿ. ಪ್ಯಾಸಿವ್ ಗೇಟ್ ಜೊತೆ ಇದನ್ನು ಬೆರೆಸಿಕೊಳ್ಳಬೇಡಿ. ಪ್ಯಾಸಿವ್ ಗೇಟ್ ಕಾಯುವುದು ತನ್ನ ಮುಂದಿನ ಸಾಲನ್ನು, ಪ್ರೆಷರ್ ವಾಲ್ವ್ ಕಾಯುವುದು ತನ್ನ ಹಿಂದಿನದನ್ನು. ಇಷ್ಟು ತಿಳಿಯದೆ ರಿಲೀಫ್ ಬೇಕಾದ ಕಡೆ ಪ್ಯಾಸಿವ್ ಗೇಟ್ ಹಾಕಿ, ಪೈಪು ಸಿಡಿದ ಮೇಲೆ ಗೇಟನ್ನು ಬೈಯುವವರನ್ನು ನೋಡಿದ್ದೇನೆ. ಪಾಪ, ಅದು ತನ್ನ ಕೆಲಸ ಮಾಡಿಯೇ ಇರುತ್ತದೆ. ರಿಲೀಫ್‌ಗೆ ತೆರಬೇಕಾದ ಬೆಲೆ ಅನಿಲ. ಪ್ರತಿ ಸಲ ತೆರೆದಾಗಲೂ ಒಂದಿಷ್ಟು ಕಳೆದುಹೋಗುತ್ತದೆ. ಸಾರಜನಕವಾದರೆ ಹೋಗಲಿ ಅನ್ನಬಹುದು. ಕಷ್ಟಪಟ್ಟು ಮಾಡಿದ ಟ್ರಿಟಿಯಂ ಆದರೆ ಹೊಟ್ಟೆ ಉರಿಯುತ್ತದೆ.

ತಣಿಸುವುದು ಇನ್ನೊಂದು ದಾರಿ. ಹೀಟ್ ಎಕ್ಸ್‌ಚೇಂಜ್ ಪೈಪನ್ನು ಬಾಹ್ಯಾಕಾಶದಲ್ಲಿ ಹಾಸಿ ಬಿಸಿ ಸಾಲನ್ನು ಅದರ ಮೂಲಕ ಸುತ್ತಿಸಿದರೆ ಒತ್ತಡ ತಾನಾಗಿ ಇಳಿಯುತ್ತದೆ, ಅನಿಲ ಒಂದು ಮೋಲೂ ಹಾಳಾಗುವುದಿಲ್ಲ. ಆದರೆ ಹೊರಗೆ ಹಾಸಿದ ಸಾಲಿಗೆ ಉಲ್ಕೆಗಳ ಕಾಟ. ಬಿಸಿ ಎಲ್ಲಿಂದ ಬರುತ್ತಿದೆ ಅನ್ನುವುದು ಗೊತ್ತಿದ್ದು, ಅದು ನಿಲ್ಲುವುದಿಲ್ಲ ಅನ್ನುವುದೂ ಗೊತ್ತಿದ್ದರೆ ಮಾತ್ರ ಈ ಶ್ರಮ ಸಾರ್ಥಕ.

ಪಂಪಿನ ಗುರಿ ಇಳಿಸುವುದು ಎಲ್ಲಕ್ಕಿಂತ ಅಗ್ಗ, ಹೊಸಬರು ಎಲ್ಲಕ್ಕಿಂತ ಹೆಚ್ಚು ವಿರೋಧಿಸುವುದೂ ಇದನ್ನೇ. ಶಿಫ್ಟ್ ಶುರುವಾದ ಕೂಡಲೇ ಎಲ್ಲ ಪಂಪನ್ನೂ 4500ಕ್ಕೆ ಏರಿಸುವುದು ಒಂದು ಶಾಸ್ತ್ರವೇ ಆಗಿಹೋಗಿದೆ. ಆದರೆ ಕೋಣೆಗಳಿಗೆ ಗಾಳಿ ಬಿಡುವ ವೆಂಟುಗಳು ಗುರಿಯಾಗಿಟ್ಟುಕೊಂಡಿರುವುದು 101.325 ಕಿಲೋಪ್ಯಾಸ್ಕಲ್ ಮಾತ್ರ. ಸುಸ್ಥಿತಿಯ ಸ್ಟೇಷನ್ನಿನಲ್ಲಿ ಗಾಳಿಯ ಸಾಲಿಗೆ 1000 ಧಾರಾಳ. 4500ರ ಉಪಯೋಗ ಕಾಣುವುದು ದೊಡ್ಡ ರಂಧ್ರ ಬಿದ್ದು ಹಲವು ಕೋಣೆಗಳನ್ನು ಒಟ್ಟಿಗೆ ತುಂಬಿಸಬೇಕಾದಾಗ. ಆಗ ಏರಿಸಿದರೆ ಆಯಿತು. ಪಂಪು ಎಲ್ಲೂ ಓಡಿಹೋಗುವುದಿಲ್ಲ.

ಬಾಂಬಿನಿಂದ, ಕಿಡಿಗೇಡಿಗಳಿಂದ ಕಾಪಾಡುವುದು ಬೇರೆ ಪ್ರಶ್ನೆ. ಟಿಜಿ, ಸ್ಪೇಸ್ ಸ್ಟೇಷನ್ 14ರ ಆಟಗಾರರಿಗೆ ಇದೇ ಮುಖ್ಯ ಪ್ರಶ್ನೆ, ಏಕೆಂದರೆ ಅಲ್ಲಿ ಒತ್ತಡ ಪೈಪನ್ನು ಒಡೆಯುವುದಿಲ್ಲ, ಜನ ಒಡೆಯುತ್ತಾರೆ. ತೆರೆದ ಪ್ಲೇಟಿಂಗ್ (ಹಲಗೆಯಡಿಯ ತಳ) ಮೇಲೆ ಕಾಣುವಂತೆ ಬಿಟ್ಟ ಪೈಪಿಗಿಂತ ಹಲಗೆ ಮುಚ್ಚಿದ ಪೈಪು ಎಷ್ಟೋ ವಾಸಿ. ಟಿಜಿಯಲ್ಲಿ ಪ್ಲೇಟಿಂಗ್ ಮೇಲೆ ಎರಡು ರಾಡ್ ಬಳಸಿ ಬಲಪಡಿಸಿದ ನೆಲ ಮಾಡಬಹುದು, ಅದನ್ನು ಕ್ರೋಬಾರ್ ಎಬ್ಬಿಸಲಾರದು, ರೆಂಚ್ ಬೇಕು. ಸಿಬ್ಬಂದಿಯೊಳಗೇ ಅಡಗಿರುವ ದ್ರೋಹಿಯ ಬಳಿ ರೆಂಚೂ ಇರುತ್ತದೆ ಅನ್ನುತ್ತೀರಿ, ನಿಜ. ಆದರೆ ಅವನು ಕಾರಿಡಾರಿನಲ್ಲಿ ನಿಂತು ನೆಲ ಬಿಚ್ಚುತ್ತಿರುವ ಆ ಹೆಚ್ಚುವರಿ ಹೊತ್ತಿನಲ್ಲಿ ಯಾರಾದರೂ ನೋಡುತ್ತಾರೆ. ಅದರ ಜೊತೆಗೆ ಒಂದೇ ಸಾಲನ್ನು ನೆಚ್ಚದೆ, ಎರಡು ದಿಕ್ಕಿನಿಂದ ಗಾಳಿ ಬರುವಂತೆ ವರ್ತುಲ ಮುಚ್ಚಿ. ಎಲ್ಲೋ ಒಂದು ತುಂಡು ಹೋದರೂ ಇನ್ನೊಂದು ಕಡೆಯಿಂದ ಗಾಳಿ ಬರುತ್ತದೆ.

ಸ್ಟೇಷನಿಯರ್ಸ್ ಆಡುವವರಿಗೆ ಎರಡು ಮಾತು

ಸ್ಪೇಸ್ ಸ್ಟೇಷನ್ 13ರ ಪ್ರಭಾವದಲ್ಲಿ ಡೀನ್ ಹಾಲ್ ಅವರ ರಾಕೆಟ್‌ವರ್ಕ್ಸ್ ಮಾಡಿದ, 2017ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದ ಸ್ಟೇಷನಿಯರ್ಸ್‌ನಲ್ಲೂ ಪೈಪು ಒಡೆಯುತ್ತದೆ, ಇನ್ನೂ ಶಾಸ್ತ್ರೋಕ್ತವಾಗಿ. ಅನಿಲದ ಪೈಪು ಸುಮಾರು 60 ಮೆಗಾಪ್ಯಾಸ್ಕಲ್ ತಡೆಯುತ್ತದೆ, ದ್ರವದ ಪೈಪು ಅದರ ಹತ್ತನೇ ಒಂದು ಭಾಗ. ಇಲ್ಲಿ ಹೊಸಬರನ್ನು ಕೆಡಿಸುವುದು ಒತ್ತಡಕ್ಕಿಂತ ಹೆಚ್ಚಾಗಿ ಸ್ಥಿತಿ ಬದಲಾವಣೆ. ಅನಿಲದ ಪೈಪು ತಣ್ಣಗಾಗಿ ಒಳಗೆ ದ್ರವ ಕೂಡಿಕೊಂಡರೆ ಪೈಪಿಗೆ ಹಾನಿ. ದ್ರವದ ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೂ ಹಾನಿ. ಮಂಗಳ ಗ್ರಹದ ರಾತ್ರಿಯಲ್ಲಿ ಹೊರಗೆ ಹಾಸಿದ ನೀರಿನ ಸಾಲಿಗೆ ಇನ್ಸುಲೇಟೆಡ್ ಪೈಪು ಹಾಕದೆ ಇದ್ದರೆ ಬೆಳಿಗ್ಗೆ ಏನು ಕಾಣುತ್ತದೆ ಅಂತ ಹೇಳಬೇಕಿಲ್ಲ. ದ್ರವ ಬಸಿಯಲು ಕಂಡೆನ್ಸೇಷನ್ ವಾಲ್ವ್ ಇದೆ. ಒತ್ತಡಕ್ಕೆ ಬ್ಯಾಕ್ ಪ್ರೆಷರ್ ರೆಗ್ಯುಲೇಟರ್ ಇದೆ, ಅದು ಕಾಯುವುದು ಹಿಂದಿನ ಸಾಲನ್ನು, ಟಿಜಿಯ ಪ್ರೆಷರ್ ವಾಲ್ವಿನಂತೆಯೇ. ಬರೀ ಪ್ರೆಷರ್ ರೆಗ್ಯುಲೇಟರ್ ಮುಂದಿನದನ್ನು ಕಾಯುತ್ತದೆ.

ಒಂದೊಂದು ಸಾಲಿಗೆ ನಾನು ಆರಿಸುವುದು

ಉಸಿರಾಟದ ಗಾಳಿಯ ಸಾಲು: ಪಂಪು 1000ದಲ್ಲಿ, ಎರಡೂ ಕಡೆ ವಾಲ್ವ್, ವರ್ತುಲ. ಒಡೆದರೆ ವಾಲ್ವ್ ಮುಚ್ಚಿ ಹೊಸ ತುಂಡು. ಗೂನ್‌ನಲ್ಲಾದರೆ ನೇರ ವೆಲ್ಡ್.

ವೇಸ್ಟ್ ಸಾಲು ಯಾರಿಗೂ ಬೇಡದ ಕೂಸು. ಆದರೆ ಬೆಂಕಿ ಬಿದ್ದ ಕೋಣೆಯ ಬಿಸಿ ಅನಿಲವೆಲ್ಲ ಸ್ಕ್ರಬರ್ ಮೂಲಕ ಬಂದು ಸೇರುವುದು ಇಲ್ಲಿಗೇ. ಸಿಡಿಯುವ ಸರ್ವರ್‌ನಲ್ಲಿ ಒಡೆದರೆ ಮೊದಲು ಇದೇ ಒಡೆಯುತ್ತದೆ ಅಂತಿಟ್ಟುಕೊಳ್ಳಿ. ಹಾಗೆ ಒಡೆದಾಗ ಒಳಗೆ ಏನೇನು ಬೆರೆತಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ರಿಲೀಫ್ ಒಂದನ್ನು ಎಲ್ಲಾದರೂ ಇಡುವುದಾದರೆ ಇಲ್ಲಿಡಿ, ಹೊರಬಾಯಿ ಬಾಹ್ಯಾಕಾಶಕ್ಕೆ. ಕಳೆದುಹೋದರೆ ಅಳುವಂಥದ್ದೇನೂ ಇದರಲ್ಲಿಲ್ಲ. ಸೋರಿಕೆಗೆ ಹೋಗುವಾಗ ಅನಲೈಜರ್ ಮುಂದೆ, ವೆಲ್ಡರ್ ಬ್ಯಾಗಿನಲ್ಲಿ.

ಪ್ಲಾಸ್ಮಾ ಸಾಲು ಚಿಕ್ಕದಿದ್ದಷ್ಟೂ ಒಳ್ಳೆಯದು. ಗಾತ್ರ ಸೇರಿಸುವ ಉಪಾಯ ಇಲ್ಲಿ ಬೇಡವೇ ಬೇಡ. ಕ್ಯಾನಿಸ್ಟರ್ ಪಕ್ಕದಲ್ಲೇ ಮ್ಯಾನುಯಲ್ ವಾಲ್ವ್, ಬಳಸದ ಹೊತ್ತಿನಲ್ಲಿ ಅದು ಮುಚ್ಚಿರಲಿ. ಒಡೆದರೆ ಖಾಲಿ ಮಾಡಿ ರೆಂಚ್‌ನಿಂದ ತುಂಡು ಬದಲಿಸಿ.

ಎಂಜಿನ್ನಿನ ಬಿಸಿ ವರ್ತುಲಕ್ಕೆ, ಇನ್ಸುಲೇಟೆಡ್ ಸಿಗುವ ಸರ್ವರ್ ಆದರೆ ಕವಲಿಲ್ಲದ ಭಾಗಕ್ಕೆಲ್ಲ ಅದು, ಜೊತೆಗೆ ಬಾಹ್ಯಾಕಾಶದಲ್ಲಿ ತಣಿಸುವ ಸಾಲು. ಇಲ್ಲಿ ಪಂಪು ಇಳಿಸಿದರೆ ಬಿಸಿ ಹೊರಹಾಕುವ ವೇಗವೂ ಇಳಿಯುತ್ತದೆ. ನಾನು ಇಷ್ಟು ಹೊತ್ತು ಹೊಗಳಿದ ಉಪಾಯ ಕೈಕೊಡುವ ಒಂದೇ ಜಾಗ ಇದು. ಸೂಪರ್‌ಮ್ಯಾಟರ್ ಎಂಬ ಹರಳಿನ ಎಂಜಿನ್ ಇರುವ ಸ್ಟೇಷನ್ನಿನಲ್ಲಿ ಪೈಪು ಉಳಿಸಲು ಹೋಗಿ ಹರಳನ್ನು ಕಾಯಿಸಿದರೆ ಆಮೇಲೆ ಪೈಪಿನ ಚಿಂತೆ ಮಾಡಲು ಸ್ಟೇಷನ್ನೇ ಇರುವುದಿಲ್ಲ. ಅಲ್ಲಿ ಮೀಟರ್ ಒಂದನ್ನು ಸಾಲಿಗೆ ಕಚ್ಚಿಸಿ, ಅದರ ಸಂಖ್ಯೆ ಕಣ್ಣಿಗೆ ಬೀಳುವಂಥ ಜಾಗದಲ್ಲೇ ಕೂತು ಊಟ ಮಾಡಿ.